ಚಳ್ಳಕೆರೆಯಿಂದ ಚಿಕ್ಕಮಗಳೂರಿನ ಹಾಸ್ಟೆಲಿಗೆ ಹೊರಟ ಹುಡುಗಿಗೆ ಏನು ಉಡುಗೊರೆ ಕೊಡಬೇಕು?

ಪ್ರಶ್ನೆ: ನನ್ನ ಅಕ್ಕನ ಮಗಳಿಗೆ ಚಿಕ್ಕಮಗಳೂರಿನಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿದೆ. ಕಾಲೇಜಿನ ಹಾಸ್ಟೆಲಿನಲ್ಲಿ ಮೂವರಿಗೊಂದು ಕೋಣೆಯಂತೆ. ಅವಳು ಮನೆ ಬಿಟ್ಟು ಇರುವುದು ಇದೇ ಮೊದಲು. ಚಿಕ್ಕಮ್ಮನಾಗಿ ಅವಳಿಗೆ ನಿಜವಾಗಿಯೂ ಉಪಯೋಗಕ್ಕೆ ಬರುವಂಥದ್ದನ್ನು ಕೊಡಬೇಕೆಂದಿದ್ದೇನೆ. ದೊಡ್ಡ ಟ್ರಾಲಿ ಸೂಟ್‌ಕೇಸ್ ಅಥವಾ ಎಲೆಕ್ಟ್ರಿಕ್ ಕೆಟಲ್ ಎಂದು ಯೋಚಿಸಿದ್ದೇನೆ. ಎರಡೂವರೆ ಸಾವಿರ ರೂಪಾಯಿಯವರೆಗೆ ಖರ್ಚು ಮಾಡಬಲ್ಲೆ. ಎರಡರಲ್ಲಿ ಯಾವುದು ಒಳ್ಳೆಯದು? ಇದಕ್ಕಿಂತ ಉತ್ತಮವಾದುದು ಬೇರೆ ಇದೆಯೇ?
– ಓದುಗರೊಬ್ಬರು, ಚಳ್ಳಕೆರೆ

ಉತ್ತರ: ನೇರ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಕೆಟಲ್ ಖಂಡಿತ ಬೇಡ, ದೊಡ್ಡ ಸೂಟ್‌ಕೇಸ್ ಕೂಡ ಬೇಡ. ಚಿಕ್ಕಮಗಳೂರಿನಲ್ಲಿ ವಿದ್ಯಾರ್ಥಿನಿ ನಿಲಯದ ವಾರ್ಡನ್ ಆಗಿ ಬಹಳ ವರ್ಷ ಕೆಲಸ ಮಾಡಿದ್ದೇನೆ. ಹುಡುಗಿಯರು ಮೊದಲ ದಿನ ಏನೇನು ಹೊತ್ತು ತರುತ್ತಾರೆ, ದಸರಾ ರಜೆಗೆ ಹೋಗುವಾಗ ಅದರಲ್ಲಿ ಯಾವುದನ್ನು ಮನೆಗೆ ವಾಪಸು ಕಳಿಸುತ್ತಾರೆ ಎಂಬುದನ್ನು ಕಣ್ಣಾರೆ ನೋಡಿದ ಮೇಲೆ ನನಗೆ ಒಂದು ಮಾತು ಖಚಿತವಾಗಿದೆ. ಬಯಲುಸೀಮೆಯಿಂದ ಇಲ್ಲಿಗೆ ಬರುವ ಹುಡುಗಿಗೆ ಅತಿ ಹೆಚ್ಚು ತೊಂದರೆ ಕೊಡುವುದು ಪಾಠವೂ ಅಲ್ಲ, ಊಟವೂ ಅಲ್ಲ. ಒಣಗದ ಬಟ್ಟೆ, ತಣ್ಣನೆಯ ಹಾಸಿಗೆ ಮತ್ತು ಥಂಡಿ. ಆದ್ದರಿಂದ ಉಡುಗೊರೆಯನ್ನು ಆರಿಸುವಾಗ, ಪ್ಲಗ್ಗಿಗೆ ಸಿಕ್ಕಿಸದೆಯೇ ಅವಳನ್ನು ಬೆಚ್ಚಗೆ, ಒಣಗಿದ ಬಟ್ಟೆಯಲ್ಲಿ ಇಡುವ ವಸ್ತು ಯಾವುದು ಎಂದು ಕೇಳಿಕೊಳ್ಳಿ.

ಕೆಟಲ್ ಏಕೆ ಬೇಡ ಎಂಬುದನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಹೆಚ್ಚಿನ ಮನೆಯವರು ಇದನ್ನು ವಾರ್ಡನ್‌ಗಳ ಮೊಂಡುತನ ಎಂದು ತಿಳಿಯುತ್ತಾರೆ. ಸಾಮಾನ್ಯ ಕೆಟಲ್ 1500 ವ್ಯಾಟಿನದು. ನಮ್ಮ 230 ವೋಲ್ಟಿನ ವಿದ್ಯುತ್ತಿನಲ್ಲಿ ಅದು ಸುಮಾರು ಆರೂವರೆ ಆಂಪಿಯರ್ ಎಳೆಯುತ್ತದೆ. ಹಾಸ್ಟೆಲ್ ಕೋಣೆಯ ಗೋಡೆಯಲ್ಲಿರುವ ಚಿಕ್ಕ ಸಾಕೆಟ್ ಇರುವುದೇ 6 ಆಂಪಿಯರಿಗೆ. ಅದೂ ಫ್ಯಾನು, ದೀಪ, ಮೂವರ ಚಾರ್ಜರುಗಳ ಜೊತೆ ಹಂಚಿಕೊಂಡ ವೈರಿನಲ್ಲಿ. ಪಕ್ಕದ ಕೋಣೆಯಲ್ಲೂ ಒಬ್ಬಳು ಅದೇ ಹೊತ್ತಿಗೆ ನೀರು ಕಾಯಿಸಿದರೆ ಎಂಸಿಬಿ (ಹೊರೆ ಹೆಚ್ಚಾದಾಗ ತಾನಾಗಿಯೇ ವಿದ್ಯುತ್ ಕಡಿಯುವ ಸ್ವಿಚ್ಚು) ಬಿದ್ದು ಇಡೀ ಸಾಲಿನ ಕೋಣೆಗಳು ಕತ್ತಲಾಗುತ್ತವೆ. ಎಂಸಿಬಿ ಬೀಳದಿದ್ದರೆ ಇನ್ನೂ ಅಪಾಯ, ಏಕೆಂದರೆ ಆಗ ಬಿಸಿಯಾಗುವುದು ಗೋಡೆಯೊಳಗಿನ ವೈರು. ನೀರು ಕಾಯಿಸುವ ರಾಡು, ಇಂಡಕ್ಷನ್ ಒಲೆ, ಇಸ್ತ್ರಿಪೆಟ್ಟಿಗೆ ಎಲ್ಲಕ್ಕೂ ಇದೇ ಮಾತು ಅನ್ವಯಿಸುತ್ತದೆ. ಬಹುತೇಕ ಹಾಸ್ಟೆಲುಗಳಲ್ಲಿ ಇವು ನಿಷಿದ್ಧ. ತಪಾಸಣೆಯಲ್ಲಿ ಸಿಕ್ಕರೆ ವಸ್ತು ಕಚೇರಿ ಸೇರುತ್ತದೆ, ದಂಡವೂ ಬೀಳಬಹುದು. ನೀವು ಪ್ರೀತಿಯಿಂದ ಕೊಟ್ಟದ್ದನ್ನು ಅವಳು ಮಂಚದ ಕೆಳಗೆ ಬಚ್ಚಿಟ್ಟು, ಕದ್ದು ಬಳಸುವ ಪರಿಸ್ಥಿತಿ ಅವಳಿಗೇಕೆ ಬರಬೇಕು?

ಕೆಟಲಿನ ಹಿಂದೆ ನಿಮಗಿರುವ ಕಾಳಜಿ ಮಾತ್ರ ಸರಿಯಾದದ್ದೇ. ರಾತ್ರಿ ಓದುವಾಗ, ಗಂಟಲು ಕೆರೆದಾಗ, ಮುಟ್ಟಿನ ಹೊಟ್ಟೆನೋವು ಬಂದಾಗ ಬಿಸಿನೀರು ಕೈಗೆ ಸಿಗಬೇಕು. ಅದಕ್ಕೆ ಒಂದು ಲೀಟರಿನ ಸ್ಟೀಲ್ ಫ್ಲಾಸ್ಕ್ ಕೊಡಿ. ರಾತ್ರಿ ಊಟಕ್ಕೆ ಹೋದಾಗ ಮೆಸ್ಸಿನಲ್ಲಿ ಬಿಸಿನೀರು ತುಂಬಿಸಿಕೊಂಡರೆ ಒಳ್ಳೆಯ ಫ್ಲಾಸ್ಕಿನಲ್ಲಿ ಬೆಳಗಿನವರೆಗೂ ಅದು ಬೆಚ್ಚಗಿರುತ್ತದೆ. ಕೊಳ್ಳುವಾಗ ಅಂಗಡಿಯಲ್ಲೇ ಪರೀಕ್ಷಿಸಲು ಒಂದು ಸುಲಭ ದಾರಿಯಿದೆ. ಕುದಿನೀರು ತುಂಬಿಸಿ ಮುಚ್ಚಳ ಬಿಗಿದು ಐದು ನಿಮಿಷ ಬಿಟ್ಟು ಹೊರಮೈಯನ್ನು ಅಂಗೈಯಿಂದ ಮುಟ್ಟಿ ನೋಡಿ. ಹೊರಮೈ ಬೆಚ್ಚಗಾಗಿದ್ದರೆ ಎರಡು ಪದರಗಳ ನಡುವೆ ಇರಬೇಕಾದ ನಿರ್ವಾತ ಇಲ್ಲವೆಂದೇ ಅರ್ಥ, ಅದನ್ನು ಕೊಳ್ಳಬೇಡಿ. ಅಂಗಡಿಯವರು ಒಪ್ಪದಿದ್ದರೆ, ಮನೆಯಲ್ಲಿ ನೋಡಿ ಕೆಟ್ಟಿದ್ದರೆ ಬದಲಾಯಿಸಿಕೊಡಬೇಕೆಂದು ಮೊದಲೇ ಮಾತಾಡಿಕೊಂಡು ಬಿಲ್ಲು ಪಡೆಯಿರಿ. ಬಾಯಿ ಅಗಲವಿರಲಿ, ಬ್ರಷ್ ಒಳಗೆ ಹೋಗಬೇಕು. ಮುಚ್ಚಳದ ರಬ್ಬರ್ ವಾಷರನ್ನು ಬಿಚ್ಚಿ ತೊಳೆಯುವಂತಿರಬೇಕು, ಇಲ್ಲವಾದರೆ ಈ ಊರಿನ ಥಂಡಿಗೆ ಅಲ್ಲೇ ಮೊದಲು ಬೂಷ್ಟು ಹಿಡಿಯುತ್ತದೆ. ಹಾಲನ್ನೋ ಹಾಲು ಹಾಕಿದ ಕಾಫಿಯನ್ನೋ ಅದರಲ್ಲಿ ಗಂಟೆಗಟ್ಟಲೆ ಇಡಬಾರದೆಂದು ಅವಳಿಗೆ ಹೇಳಿ. ಉಗುರುಬೆಚ್ಚಗೆ ಉಳಿದ ಹಾಲು ಬೇಗ ಕೆಡುತ್ತದೆ. ಇದರ ಜೊತೆಗೆ ರಬ್ಬರಿನ ಬಿಸಿನೀರಿನ ಚೀಲವೊಂದನ್ನು ಸೇರಿಸಿದರೆ, ಅವಳು ಬಾಯಿಬಿಟ್ಟು ಯಾರನ್ನೂ ಕೇಳಲಾರದ ಒಂದು ಅಗತ್ಯವನ್ನು ನೀವು ಪೂರೈಸಿದಂತಾಗುತ್ತದೆ. ಆ ಚೀಲಕ್ಕೆ ಕುದಿಯುವ ನೀರು ತುಂಬಬಾರದು, ಮುಕ್ಕಾಲು ಭಾಗಕ್ಕಿಂತ ಹೆಚ್ಚು ತುಂಬಬಾರದು, ಮೇಲೊಂದು ಬಟ್ಟೆ ಸುತ್ತಿಯೇ ಮೈಗೆ ತಾಗಿಸಬೇಕು.

ಸೂಟ್‌ಕೇಸಿನ ವಿಷಯ ಬೇಗ ಮುಗಿಯುತ್ತದೆ. ಮೂವರ ಕೋಣೆಯಲ್ಲಿ ಒಬ್ಬಳ ಪಾಲಿಗೆ ಬರುವುದು ಒಂದು ಮಂಚ, ಒಂದು ಮೇಜು, ಒಂದು ಬೀರುವಿನ ಒಂದು ಭಾಗ. ದೊಡ್ಡ ಸೂಟ್‌ಕೇಸ್ ಮಂಚದ ಕೆಳಗೆ ಹೋಗುವುದಿಲ್ಲ. ಹೋಗದಿದ್ದರೆ ನಡೆಯುವ ದಾರಿಯಲ್ಲಿ ನಿಲ್ಲುತ್ತದೆ, ಅದರ ಸಲುವಾಗಿ ಜೊತೆಗಾತಿಯರ ನಡುವೆ ಮನಸ್ತಾಪ ಶುರುವಾಗುತ್ತದೆ. ಸೀಟು ಸಿಕ್ಕ ಸಂಭ್ರಮದಲ್ಲಿ ಅವಳ ತಂದೆ ತಾಯಿ ಒಂದು ಸೂಟ್‌ಕೇಸನ್ನು ಈಗಾಗಲೇ ಕೊಂಡಿರುವ ಸಾಧ್ಯತೆಯೂ ಇದೆ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಚಳ್ಳಕೆರೆ ಈ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದು. ಅಲ್ಲಿ ಬೆಳಿಗ್ಗೆ ಹಗ್ಗಕ್ಕೆ ಹಾಕಿದ ಬಟ್ಟೆಯನ್ನು ಮಧ್ಯಾಹ್ನ ಮಡಚಿಡುತ್ತೀರಿ. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಎತ್ತರದಲ್ಲಿ, ಬಾಬಾಬುಡನ್‌ಗಿರಿ ಸಾಲಿನ ಬುಡದಲ್ಲಿದೆ. ಶೃಂಗೇರಿ, ಕೊಪ್ಪದ ಕಡೆ ಸುರಿಯುವಂಥ ಮಳೆ ನಗರದಲ್ಲಿ ಸುರಿಯುವುದಿಲ್ಲ ಎಂಬುದು ನಿಜವಾದರೂ, ಮಳೆಗಾಲದಲ್ಲಿ ದಿನಗಟ್ಟಲೆ ಬಿಡದೆ ಜಿನುಗುತ್ತದೆ, ಬಿಸಿಲು ಕಾಣಿಸುವುದಿಲ್ಲ, ಗಾಳಿಯಲ್ಲಿ ತೇವ ತುಂಬಿರುತ್ತದೆ. ಸಿಇಟಿ ಸೀಟು ಹಂಚಿಕೆ ಮುಗಿದು ತರಗತಿಗಳು ಆರಂಭವಾಗುವ ಹೊತ್ತಿಗೆ ಆ ಮಳೆಗಾಲ ಇನ್ನೂ ಮುಗಿದಿರುವುದಿಲ್ಲ. ಒಗೆದ ಚೂಡಿದಾರ್ ಮೂರನೆಯ ದಿನವೂ ಹಸಿಹಸಿಯಾಗಿಯೇ ಇರುವುದನ್ನು ಕಂಡು, ಮನೆಗೆ ಫೋನ್ ಮಾಡಿ ಅತ್ತ ಹುಡುಗಿಯರನ್ನು ನಾನು ಸಮಾಧಾನಪಡಿಸಿದ್ದೇನೆ. ಅದು ಸಣ್ಣ ವಿಷಯವೆಂದು ನನಗೆ ಯಾವತ್ತೂ ಅನ್ನಿಸಿಲ್ಲ, ಏಕೆಂದರೆ ಮುಂದಿನ ತೊಂದರೆಗಳು ಅಲ್ಲಿಂದಲೇ ಆರಂಭವಾಗುತ್ತವೆ.

ಹುಡುಗಿಯರು ಒಳ ಉಡುಪುಗಳನ್ನು ಸಂಕೋಚದಿಂದ ಬೇರೆ ಬಟ್ಟೆಯ ಅಡಿಯಲ್ಲಿ ಒಣಹಾಕುತ್ತಾರೆ. ಗಾಳಿಯಾಡದೆ ಅವು ಒಣಗುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ತರಗತಿಯಿರುವುದರಿಂದ ಅರೆ ಒಣಗಿದ್ದನ್ನೇ ಹಾಕಿಕೊಂಡು ಹೋಗುತ್ತಾರೆ. ಕೆಲವೇ ವಾರಗಳಲ್ಲಿ ತೊಡೆಯ ಸಂದಿಯಲ್ಲಿ, ಸೊಂಟದ ಸುತ್ತ ಹುಳುಕಡ್ಡಿ ಕಾಣಿಸಿಕೊಳ್ಳುತ್ತದೆ. ನಾಚಿಕೆಯಿಂದ ಯಾರಿಗೂ ತೋರಿಸದೆ ಔಷಧಿ ಅಂಗಡಿಯಲ್ಲಿ ಸಿಗುವ ಯಾವುದೋ ಮುಲಾಮು ಹಚ್ಚುತ್ತಾರೆ. ಅಂಥ ಹಲವು ಮುಲಾಮುಗಳಲ್ಲಿ ಸ್ಟಿರಾಯ್ಡ್ ಬೆರೆತಿರುತ್ತದೆ. ತುರಿಕೆ ಎರಡು ದಿನ ಅಡಗಿ, ಸೋಂಕು ಒಳಗೊಳಗೇ ಹರಡಿ, ವಾಸಿಯಾಗಲು ತಿಂಗಳುಗಳು ಹಿಡಿಯುತ್ತವೆ. ಇದನ್ನು ಬಹುಮಟ್ಟಿಗೆ ತಡೆಯಬಲ್ಲ ವಸ್ತುವೆಂದರೆ ಸುತ್ತಲೂ ಕ್ಲಿಪ್ಪುಗಳಿರುವ, ಮಡಚಿಡಬಹುದಾದ ಹ್ಯಾಂಗರ್. ಹದಿನಾರೋ ಇಪ್ಪತ್ತೋ ಕ್ಲಿಪ್ಪುಗಳ ಈ ಹ್ಯಾಂಗರನ್ನು ಕೋಣೆಯೊಳಗೆ ಕಿಟಕಿಯ ಸರಳಿಗೆ ತೂಗುಹಾಕಿದರೆ ಚಿಕ್ಕ ಬಟ್ಟೆಗಳೆಲ್ಲ ಒಂದಕ್ಕೊಂದು ತಾಗದೆ, ಹೊರಗಿನವರ ಕಣ್ಣಿಗೆ ಬೀಳದೆ, ಫ್ಯಾನಿನ ಗಾಳಿಗೆ ಒಣಗುತ್ತವೆ. ಬೆಲೆ ನಿಮ್ಮ ಬಜೆಟ್ಟಿನಲ್ಲಿ ತೀರಾ ಚಿಕ್ಕ ಭಾಗ. ನನ್ನನ್ನು ಒಂದೇ ಒಂದು ವಸ್ತು ಹೇಳಿ ಎಂದರೆ ಇದನ್ನೇ ಹೇಳುತ್ತೇನೆ. ಜೊತೆಗೆ ಆರು ಜೊತೆ ಹತ್ತಿಯ ಒಳ ಉಡುಪನ್ನು ಚಿಕ್ಕಮ್ಮನಾದ ನೀವೇ ಕೊಂಡು ಕೊಡಬಹುದು. ಎಷ್ಟು ಜೊತೆ ಹೆಚ್ಚಿದ್ದರೆ ಒಣಗಲು ಅಷ್ಟು ಸಮಯ ಸಿಗುತ್ತದೆ.

ಟವೆಲಿನ ವಿಚಾರದಲ್ಲಿಯೂ ಇದೇ ಲೆಕ್ಕ. ಉಡುಗೊರೆಯೆಂದರೆ ದಪ್ಪ ಟರ್ಕಿ ಟವೆಲ್ ಎಂದು ಎಲ್ಲರೂ ಯೋಚಿಸುತ್ತಾರೆ. ಅದು ಇಲ್ಲಿನ ಜುಲೈ, ಆಗಸ್ಟ್ ತಿಂಗಳಲ್ಲಿ ಒಣಗುವುದೇ ಇಲ್ಲ, ವಾರದೊಳಗೆ ಮುಗ್ಗಲು ವಾಸನೆ ಬರುತ್ತದೆ. ಮಗ್ಗದ ತೆಳು ಹತ್ತಿ ಟವೆಲುಗಳನ್ನು ನಾಲ್ಕು ಕೊಡಿ. ಹಾಗೆಯೇ ಹಾಸುಬಟ್ಟೆ ಕೊಡುವುದಾದರೆ ಒಂಟಿ ಮಂಚದ ಅಳತೆಯದನ್ನೇ ಕೊಡಿ. ಹಾಸ್ಟೆಲಿನ ಮಂಚ ಸಾಮಾನ್ಯವಾಗಿ ಆರಡಿ ಉದ್ದ, ಮೂರಡಿ ಅಗಲ ಇರುತ್ತದೆ, ಕೆಲವೆಡೆ ಇನ್ನೂ ಕಿರಿದು. ಜೋಡಿ ಮಂಚದ ಹಾಸುಬಟ್ಟೆಯನ್ನು ಬಕೆಟ್ಟಿನಲ್ಲಿ ಒಗೆದು ಹಿಂಡುವುದು ಹದಿನೆಂಟರ ಹುಡುಗಿಯ ತೋಳಿಗೆ ಸುಲಭವಲ್ಲ.

ಹೊದಿಕೆಯ ಬಗ್ಗೆ ಹೇಳುವಾಗ ನೀವು ಚಳ್ಳಕೆರೆಯವರು ಎಂಬುದು ನನಗೆ ಬಹಳ ಸಂತೋಷ ಕೊಟ್ಟಿತು. ನಿಮ್ಮ ಸೀಮೆಯ ಕುರಿ ಉಣ್ಣೆಯ ಕಂಬಳಿಗಿಂತ ಒಳ್ಳೆಯ ಹೊದಿಕೆ ಈ ಊರಿನ ಹವೆಗೆ ಇಲ್ಲ. ಹತ್ತಿ ತುಂಬಿದ ರಜಾಯಿ ತೇವವನ್ನು ಹೀರಿಕೊಂಡು ತಣ್ಣಗಾಗುತ್ತದೆ, ಒಗೆಯಲು ಬರುವುದಿಲ್ಲ. ಉಣ್ಣೆಯಾದರೋ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವವನ್ನು ಹೀರಿಕೊಂಡರೂ ಮುಟ್ಟಿದವರಿಗೆ ಒದ್ದೆ ಅನ್ನಿಸುವುದಿಲ್ಲ, ಬಿಸಿಯನ್ನೂ ಬಿಟ್ಟುಕೊಡುವುದಿಲ್ಲ. ಮಲೆನಾಡಿನ ಗದ್ದೆಗಳಲ್ಲಿ ದುಡಿಯುವವರು ತಲೆತಲಾಂತರದಿಂದ ಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಬಂದದ್ದು ಸುಮ್ಮನೆ ಅಲ್ಲ. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಹೊಸ ಕಂಬಳಿಯ ನೂಲಿಗೆ ನೇಕಾರರು ಹುಣಸೆ ಬೀಜದ ಗಂಜಿ ಹಾಕಿರುತ್ತಾರೆ. ಆ ಗಂಜಿಯನ್ನು ಉಳಿಸಿಕೊಂಡೇ ಇಲ್ಲಿಗೆ ತಂದರೆ ತೇವಕ್ಕೆ ಬೂಷ್ಟು ಹಿಡಿಯುವ, ಹುಳು ಬೀಳುವ ಸಾಧ್ಯತೆ ಹೆಚ್ಚು. ಕೊಡುವ ಮುಂಚೆ ನೀವೇ ತಣ್ಣೀರಿನಲ್ಲಿ ನೆನೆಹಾಕಿ, ಗಂಜಿ ಬಿಡುವವರೆಗೆ ಜಾಲಿಸಿ, ನಿಮ್ಮೂರಿನ ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ ಕೊಡಿ. ಬಿಸಿನೀರು ಹಾಕಿದರೆ ಉಣ್ಣೆ ಕುಗ್ಗುತ್ತದೆ. ಒರಟು ಮೈಗೆ ಚುಚ್ಚದಂತೆ ಒಳಗೆ ತೆಳು ಹತ್ತಿ ಹೊದಿಕೆಯೊಂದನ್ನು ಹೊದ್ದು ಮೇಲೆ ಕಂಬಳಿ ಹೊದೆಯಬೇಕು. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಅವಳಿಗೆ ಇದರ ಬೆಲೆ ತಿಳಿಯುತ್ತದೆ.

ಛತ್ರಿ ಕೊಡುವುದಾದರೆ ಚೀಲದಲ್ಲಿ ಮಡಚಿಡುವ ಮೂರು ಮಡಿಕೆಯದು ಬೇಡ, ಗುಡ್ಡದ ಗಾಳಿಗೆ ಅದು ಒಂದೇ ದಿನದಲ್ಲಿ ಮಗುಚಿಕೊಳ್ಳುತ್ತದೆ. ಉದ್ದ ಹಿಡಿಯ, ಗಟ್ಟಿ ಕಡ್ಡಿಗಳ ಛತ್ರಿ ಕೊಡಿ. ಲ್ಯಾಪ್‌ಟಾಪ್ ಇರುವ ಚೀಲಕ್ಕೆ ಪ್ರತ್ಯೇಕವಾಗಿ ಮಳೆಗವುಸು ಬೇಕು. ಚರ್ಮದ ಚಪ್ಪಲಿ, ಕ್ಯಾನ್ವಾಸ್ ಶೂ ಎರಡೂ ಮಳೆಗಾಲ ಕಳೆಯುವವರೆಗೆ ಚಳ್ಳಕೆರೆಯಲ್ಲೇ ಇರಲಿ.

ವಿದ್ಯುತ್ತಿಗೆ ಸಂಬಂಧಿಸಿದ ವಸ್ತುಗಳೆಲ್ಲ ಬೇಡವೆಂದು ನಾನು ಹೇಳುತ್ತಿಲ್ಲ. ಓದುವ ದೀಪ ಬಹಳ ಒಳ್ಳೆಯ ಉಡುಗೊರೆ. ಮೂವರ ಕೋಣೆಯಲ್ಲಿ ಒಬ್ಬಳಿಗೆ ಮರುದಿನ ಕಿರುಪರೀಕ್ಷೆ ಇರುತ್ತದೆ, ಇನ್ನೊಬ್ಬಳಿಗೆ ಜ್ವರ ಬಂದಿರುತ್ತದೆ. ದೊಡ್ಡ ದೀಪ ಆರಿಸುವುದೋ ಬೇಡವೋ ಎಂಬ ಜಗಳ ನನ್ನ ಕೋಣೆಯವರೆಗೆ ಬಂದದ್ದು ಎಷ್ಟೋ ಸಲ. ಮಂಚದ ಸರಳಿಗೋ ಮೇಜಿನ ಅಂಚಿಗೋ ಕಚ್ಚಿಸಬಹುದಾದ, ಚಾರ್ಜ್ ಮಾಡಿಕೊಳ್ಳುವ ಎಲ್‌ಇಡಿ ದೀಪ ಆ ಜಗಳವನ್ನು ನಿಲ್ಲಿಸುತ್ತದೆ. ಗಾಳಿಮಳೆಗೆ ಕರೆಂಟು ಹೋದಾಗಲೂ ಅದು ಉರಿಯುತ್ತದೆ. ಕತ್ತು ಬಗ್ಗಿಸಬಹುದಾದ, ಬೆಳಕನ್ನು ಹೆಚ್ಚುಕಡಿಮೆ ಮಾಡಬಹುದಾದ, ಹಳದಿ ಛಾಯೆಯ ಬೆಳಕೂ ಇರುವ ದೀಪವನ್ನು ನೋಡಿ ಆರಿಸಿ. ಪವರ್ ಬ್ಯಾಂಕ್ ಎರಡನೆಯ ಸ್ಥಾನದಲ್ಲಿದೆ. 10,000 ಎಂಎಎಚ್ ಎಂದು ಬರೆದಿದ್ದರೂ ಕೈಗೆ ಸಿಗುವುದು ಅದರ ಮೂರನೇ ಎರಡು ಭಾಗದಷ್ಟು ಮಾತ್ರ, ಅಂದರೆ ಈಗಿನ ಫೋನನ್ನು ಒಂದು ಬಾರಿ ಪೂರ್ತಿ ತುಂಬಿಸಿ ಸ್ವಲ್ಪ ಉಳಿಯುತ್ತದೆ. ಎಕ್ಸ್‌ಟೆನ್ಷನ್ ಬೋರ್ಡ್ ಕೊಡುವ ಮುಂಚೆ ಹಾಸ್ಟೆಲಿನಲ್ಲಿ ಅನುಮತಿ ಇದೆಯೇ ಎಂದು ವಿಚಾರಿಸಿ, ಐಎಸ್‌ಐ ಗುರುತಿರುವುದನ್ನೇ ಕೊಳ್ಳಿ.

ತಿಂಡಿಯನ್ನು ಉಡುಗೊರೆಯ ಲೆಕ್ಕದಲ್ಲಿ ಹಿಡಿಯದವರೇ ಹೆಚ್ಚು. ನನ್ನ ಅನುಭವದಲ್ಲಿ, ಹೊಸ ಕೋಣೆಯಲ್ಲಿ ಗೆಳೆತನ ಆರಂಭವಾಗುವುದು ತಿಂಡಿಯ ಡಬ್ಬಿಯಿಂದಲೇ. ನಿಮ್ಮೂರಿನ ಶೇಂಗಾ ಚಟ್ನಿಪುಡಿಯನ್ನು ಖಂಡಿತ ಕೊಡಿ, ಆದರೆ ಎರಡು ಕಿಲೋ ಮಾಡಿ ಕಳಿಸಬೇಡಿ. ಶೇಂಗಾದಲ್ಲಿ ಎಣ್ಣೆಯ ಅಂಶ ಹೆಚ್ಚು, ಈ ಹವೆಯಲ್ಲಿ ಅದು ಬೇಗ ಕಮಟುತ್ತದೆ. ಶೇಂಗಾವನ್ನು ಸಣ್ಣ ಉರಿಯಲ್ಲಿ ಒಳಗಿನವರೆಗೂ ಹುರಿದು, ಬೆಳ್ಳುಳ್ಳಿಯ ಹಸಿ ಪೂರ್ತಿ ಹೋಗುವಂತೆ ಬೇರೆಯಾಗಿ ಹುರಿದು, ಹುಣಸೆಹಣ್ಣನ್ನೂ ಬಾಣಲೆಯಲ್ಲಿ ಬಿಸಿಮಾಡಿ ತೇವ ತೆಗೆದು ಪುಡಿಮಾಡಬೇಕು. ಪುಡಿ ಪೂರ್ತಿ ಆರಿದ ಮೇಲೆಯೇ ಡಬ್ಬಿಯ ಮುಚ್ಚಳ ಹಾಕಬೇಕು. ಅರ್ಧ ಕಿಲೋವನ್ನು ಎರಡು ಚಿಕ್ಕ ಸ್ಟೀಲ್ ಡಬ್ಬಿಗಳಿಗೆ ತುಂಬಿದರೆ ಒಂದನ್ನು ಬಳಸುವಾಗ ಇನ್ನೊಂದು ಮುಚ್ಚಿರುತ್ತದೆ. ರಾಗಿ ಹುರಿಹಿಟ್ಟು ಇದಕ್ಕಿಂತಲೂ ಉಪಯುಕ್ತ. ಅರಳು ಹುರಿದು ಬೀಸಿದ ಹಿಟ್ಟಾದ್ದರಿಂದ ಬೇಯಿಸುವ ಅಗತ್ಯವಿಲ್ಲ. ಮೆಸ್ಸಿನಲ್ಲಿ ಕೊಡುವ ಹಾಲಿಗೆ ಬೆಲ್ಲದ ಪುಡಿಯ ಜೊತೆ ಕಲಸಿದರೆ, ಅಥವಾ ಮಜ್ಜಿಗೆಗೆ ಉಪ್ಪು ಹಾಕಿ ಕಲಸಿದರೆ, ತಿಂಡಿ ತಪ್ಪಿದ ದಿನ ಹೊಟ್ಟೆ ತುಂಬುತ್ತದೆ. ಉಪ್ಪಿನಕಾಯಿಯನ್ನು ಬಸ್ಸಿನ ಪ್ರಯಾಣದಲ್ಲಿ ಬಟ್ಟೆಗಳ ಜೊತೆ ಇಡಬೇಡಿ; ಎಣ್ಣೆ ಸೋರಿ ಹೊಸ ಬಟ್ಟೆಗಳೆಲ್ಲ ಹಾಳಾಗಿದ್ದನ್ನು ಪ್ರತಿ ವರ್ಷ ನೋಡಿದ್ದೇನೆ.

ಸ್ಟೀಲ್ ಡಬ್ಬಿ, ಲೋಟ, ತಟ್ಟೆ, ಫ್ಲಾಸ್ಕು ಯಾವುದನ್ನೇ ಕೊಟ್ಟರೂ ಪಾತ್ರೆ ಅಂಗಡಿಯಲ್ಲಿ ಅವಳ ಹೆಸರನ್ನು ಹಾಕಿಸಿ ಕೊಡಿ. ಮೆಸ್ಸಿನ ತೊಟ್ಟಿಯ ಬಳಿ ಒಂದೇ ನಮೂನೆಯ ಲೋಟಗಳು ಹತ್ತಾರು ಇರುತ್ತವೆ, ಹೆಸರಿಲ್ಲದ್ದು ಹಿಂದಿರುಗುವುದು ಅಪರೂಪ. ಬೀರುವಿಗೆ ಒಳ್ಳೆಯ ಲಿವರ್ ಬೀಗವೂ ಬೇಕು. ಒಂದು ಕೀಲಿಕೈ ಅವಳ ಬಳಿ ಇರಲಿ, ಇನ್ನೊಂದು ವಾರ್ಡನ್ ಬಳಿಯೋ ಮನೆಯಲ್ಲೋ ಇರಲಿ; ಎರಡನ್ನೂ ಒಂದೇ ಬಳೆಗೆ ಹಾಕಿಕೊಂಡು ಕಳೆದುಕೊಂಡವರ ಬೀಗ ಒಡೆಸಿದ್ದು ನೆನಪಿದೆ. ಬಕೆಟ್, ಚೊಂಬು, ಕಸಪೊರಕೆಗಳನ್ನು ಅಲ್ಲಿಂದ ಹೊತ್ತು ತರಬೇಡಿ, ಎಲ್ಲವೂ ಇಲ್ಲಿನ ಮಾರ್ಕೆಟ್ ರಸ್ತೆಯಲ್ಲಿ ಸಿಗುತ್ತವೆ.

ಕ್ಯಾಲ್ಕುಲೇಟರ್, ಲ್ಯಾಬ್ ಕೋಟು, ಪುಸ್ತಕ ಇಂಥವುಗಳನ್ನು ಈಗಲೇ ಕೊಳ್ಳುವುದಕ್ಕೆ ಅವಸರ ಮಾಡಬೇಡಿ. ಯಾವ ಮಾದರಿಯ ಕ್ಯಾಲ್ಕುಲೇಟರಿಗೆ ಪರೀಕ್ಷೆಯಲ್ಲಿ ಅವಕಾಶವಿದೆ, ಕೋಟಿನ ಬಣ್ಣ ಯಾವುದು ಎಂಬುದು ಮೊದಲ ವಾರದ ತರಗತಿಗಳಲ್ಲಿ ತಿಳಿಯುತ್ತದೆ. ಪುಸ್ತಕಗಳು ಹಿರಿಯ ವಿದ್ಯಾರ್ಥಿನಿಯರಿಂದ ಅರ್ಧ ಬೆಲೆಗೆ ಸಿಗುತ್ತವೆ. ಗೋಡೆ ಗಡಿಯಾರ, ಗಾಜಿನ ಲೋಟ, ದೊಡ್ಡ ಗೊಂಬೆ ಬೇಡ. ಸುಗಂಧದ್ರವ್ಯವನ್ನು ಮೂವರ ಮುಚ್ಚಿದ ಕೋಣೆಗೆ ಕಳಿಸಬೇಡಿ. ಬಟ್ಟೆಗಳ ನಡುವೆ ನುಸಿಗುಳಿಗೆಯ ಬದಲು ಒಣಗಿದ ಬೇವಿನೆಲೆಯ ಬಟ್ಟೆ ಗಂಟು ಇಟ್ಟರೆ ಜೊತೆಗಾತಿಯರಿಗೆ ತಲೆನೋವು ಬರುವುದಿಲ್ಲ.

ಕೊನೆಯದಾಗಿ, ಎರಡೂವರೆ ಸಾವಿರವನ್ನು ಒಂದೇ ಬಾರಿಗೆ ಖರ್ಚು ಮಾಡಬೇಡಿ. ಹೊರಡುವ ದಿನ ಹ್ಯಾಂಗರ್, ತೆಳು ಟವೆಲು, ಫ್ಲಾಸ್ಕು, ದೀಪ ಮತ್ತು ಚಟ್ನಿಪುಡಿ ಕೊಡಿ. ಸುಮಾರು ಮೂರನೇ ಎರಡು ಭಾಗದಲ್ಲಿ ಇಷ್ಟನ್ನೂ ಹೊಂದಿಸಬಹುದು. ಉಳಿದ ಹಣವನ್ನು ತಿಂಗಳು ಕಳೆದ ಮೇಲೆ ಬಳಸಿ. ಮೊದಲ ತಿಂಗಳಲ್ಲಿ ಮನೆಯವರೆಲ್ಲ ಏನಾದರೊಂದು ಕೊಟ್ಟಿರುತ್ತಾರೆ, ಅವಳಿಗೆ ಬೇಕಾದದ್ದು ಏನೆಂದು ಅವಳಿಗೇ ಗೊತ್ತಿರುವುದಿಲ್ಲ. ತಿಂಗಳಾದ ಮೇಲೆ ಫೋನಿನಲ್ಲಿ, ‘ಏನಮ್ಮಾ, ಅಲ್ಲಿ ಏನಿಲ್ಲದೆ ಕಷ್ಟವಾಗುತ್ತಿದೆ?’ ಎಂದು ಕೇಳಿದರೆ ಸರಿಯಾದ ಉತ್ತರ ಬರುತ್ತದೆ. ಕಂಬಳಿಯನ್ನು ಆಗ ಕೊಡಬಹುದು, ಚಳಿಗೂ ಸರಿಯಾಗಿ ತಲುಪುತ್ತದೆ. ಸಾಧ್ಯವಾದರೆ ಒಂದು ಭಾನುವಾರ ನೀವೇ ತೆಗೆದುಕೊಂಡು ಬನ್ನಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ದರವಿಲ್ಲ, ಗುರುತಿನ ಚೀಟಿ ತೋರಿಸಿದರೆ ಸಾಕು. ಬರುವ ಮುಂಚೆ ಭೇಟಿಯ ಸಮಯವನ್ನು ವಾರ್ಡನ್ ಬಳಿ ಕೇಳಿಕೊಳ್ಳಿ, ಹಲವು ಕಡೆ ಸಂಜೆಯ ನಂತರ ಒಳಗೆ ಬಿಡುವುದಿಲ್ಲ.

ಇದೆಲ್ಲಕ್ಕೂ ಮೊದಲು ಇಂದೇ ನಿಮ್ಮ ಅಕ್ಕನಿಗೆ ಫೋನ್ ಮಾಡಿ ಎರಡು ವಿಷಯ ವಿಚಾರಿಸಿ: ಪ್ರವೇಶದ ಸಮಯದಲ್ಲಿ ಹಾಸ್ಟೆಲಿನವರು ಕೊಟ್ಟ ನಿಯಮಗಳ ಹಾಳೆಯಲ್ಲಿ ಏನೇನು ತರಬಾರದೆಂದು ಬರೆದಿದೆ, ಮತ್ತು ಮನೆಯವರು ಈಗಾಗಲೇ ಏನೇನು ಕೊಂಡಿದ್ದಾರೆ. ಹಾಸಿಗೆಯನ್ನು ಹಾಸ್ಟೆಲಿನವರೇ ಕೊಡುತ್ತಾರೋ ಇಲ್ಲವೋ ಎಂಬುದೂ ಆ ಹಾಳೆಯಲ್ಲಿರುತ್ತದೆ. ಕೊಡದಿದ್ದರೆ ಮಂಚದ ಅಳತೆ ಕೇಳಿಕೊಂಡು ಹಾಸಿಗೆಯನ್ನು ಚಿಕ್ಕಮಗಳೂರಿನಲ್ಲೇ ಕೊಳ್ಳಲಿ. ಫ್ಲಾಸ್ಕು ಮತ್ತು ದೀಪದ ಬಿಲ್ಲುಗಳನ್ನು ಫೋಟೋ ತೆಗೆದು ಅವಳ ಫೋನಿಗೆ ಕಳಿಸಿ, ಮೂಲ ಪ್ರತಿ ನಿಮ್ಮಲ್ಲಿರಲಿ. ಕಾಗದವೂ ಇಲ್ಲಿ ಒಂದೇ ಮಳೆಗಾಲಕ್ಕೆ ಮೆತ್ತಗಾಗಿ ಅಕ್ಷರ ಮಾಸುತ್ತದೆ.